ಕೊನೇ ಹಾಳೆಯ ಪಟ್ಟಿಯಲ್ಲಿ ರಶ್ಮಿತಾ

"ಹೆದರಬ್ಯಾಡ್ರೀ, ಅದೇನು ಹುಲಿ ಅಲ್ಲ!"

ದಾವಣಗೆರೆಯ ಕಾಲೇಜು ಲೈಬ್ರರಿಯಲ್ಲಿ ಸಹಪಾಠಿ ಅಂಜನ್ ಕುಮಾರ್ ತನ್ನ ಎಂಟುನೂರು ಪುಟದ ರಷ್ಯನ್ ಕಾದಂಬರಿಯನ್ನು ಕೈಗಿಟ್ಟಾಗ ರಶ್ಮಿತಾಳ ಎದೆ ಡವಡವ ಎಂದಿತು. ಪುಸ್ತಕದ ಗಾತ್ರಕ್ಕೋ, ತಾಗಿದ ಬೆರಳಿಗೋ... ಅವಳನ್ನೇ ಕೇಳಬೇಕು!

"ಇದ್ರಾಗೆ ಒಬ್ಬೊಬ್ಬರಿಗೆ ಮೂರ್ಮೂರು ಹೆಸರು. ನೆನಪಿರಲಿ ಅಂತ ನಮ್ಮೋರ ಹೆಸರು ಹಾಕಿ, ಕೊನೇ ಹಾಳೇಲಿ ಪಟ್ಟಿ ಮಾಡೀನಿ."

ನಿಟ್ಟುವಳ್ಳಿಯ ಮನೆಯಲ್ಲಿ ಪಟ್ಟಿ ತೆರೆದಳು. ಜಿಪುಣ ಜಮೀನ್ದಾರನಿಗೆ ಹಾಸ್ಟೆಲ್ ವಾರ್ಡನ್ ಶಿವಮೂರ್ತಿಯ ಹೆಸರು! ನಕ್ಕಳು. ಅದರ ಕೆಳಗೆ, ಜಮೀನ್ದಾರನ ಮಗಳು: ರಶ್ಮಿತಾ.

ಅಯ್ಯೋ!

ಅಂದಿನಿಂದ ಊಟ ಬಿಟ್ಟು ಆ ಹುಡುಗಿಗಾಗಿಯೇ ಓದಿದಳು. ಆದರೆ ಐನೂರನೇ ಪುಟದಲ್ಲಿ ಆ ಹುಡುಗಿ, ಮನಸ್ಸಿನಲ್ಲೊಬ್ಬನಿದ್ದರೂ, ಅಪ್ಪನಿಗೆ ಹೆದರಿ ಬೇರೊಬ್ಬನಿಗೆ ಹೂಂ ಅಂದುಬಿಟ್ಟಳು.

ರಶ್ಮಿತಾ ಪಟ್ಟನೆ ಪುಸ್ತಕ ಮುಚ್ಚಿದಳು. ಭಾನುವಾರ ಮಲೆಬೆನ್ನೂರಿನ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಅಪ್ಪ ಕೇಳಿದಾಗ ಅವಳೂ ಹೂಂ ಅಂದಿದ್ದಳು! ಈ ಅಂಜನ್‌ಗೆ ಹೇಗೆ ಗೊತ್ತಾಯಿತು? ನನ್ನನ್ನು ಹೇಡಿ ಅಂದುಕೊಂಡನೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಪಾಡು.

ಅಂಜನ್ ದಿನವೂ ಕಾಲೇಜು ಮುಗಿಸಿ, ಹರಿಹರದಲ್ಲಿ ತನ್ನೂರು ಭಾನುವಳ್ಳಿಯ ಬಸ್ ಹಿಡಿಯುತ್ತಿದ್ದ. ಉಳಿದ ಪುಟಗಳನ್ನು ರಾತ್ರಿಯಿಡೀ ಓದಿ ಮುಗಿಸಿದವಳು ಮರುದಿನ ಸಂಜೆ ಅಲ್ಲಿನ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದವನೆದುರು ಹೋಗಿ ನಿಂತಳು.

"ನನ್ನ ನೋಡಾಕೆ ಗಂಡಿನ ಕಡೆಯೋರು ಬರ್ತಾರಂತ ಯಾರು ಹೇಳಿದ್ರು ನಿಮಗೆ?"

"ಗಂಡಿನ ಕಡೆಯೋರಾ?!" ಅವನ ಮುಖ ಬಿಳಚಿಕೊಂಡಿತು.

"ಮತ್ತೆ ಆ ಹುಡುಗಿಗೆ ನನ್ನ ಹೆಸರು ಯಾಕ?"

"ನಾನು ಓದಿರೋದು ಇನ್ನೂರೇ ಪುಟ ನೋಡ್ರೀ! ಅಲ್ಲೀ ತನಕ ಆಕೆ ಬರೀ ನಗ್ತಿರ್ತಾಳೆ... ನಿಮ್ಮಂಗೆ. ಇಷ್ಟ ಆದ್ಲು." ಅವನ ದನಿ ಇಳಿಯಿತು. "ಮುಂದೆ ಏನ್ ಮಾಡ್ತಾಳೆ?"

"ಹೆದರ್ಕೊಂಡು ಸುಮ್ನಿರ್ತಾಳೆ. ಆಮೇಲೆ ಮುನ್ನೂರು ಪುಟ ಅಳ್ತಾಳೆ."

"ನೀವು?"

ಅವಳು ಫೋನ್ ತೆಗೆದು ಅಪ್ಪನ ನಂಬರ್ ಒತ್ತಿದಳು.

"ಅಪ್ಪಾಜಿ... ಭಾನುವಾರ ಅವರು ಬರೋದು ಬ್ಯಾಡ. ನನಗೆ... ಒಬ್ರು ಇಷ್ಟ ಆಗ್ಯಾರೆ."

ಆ ಕಡೆಯಿಂದ ಒಂದೇ ಪ್ರಶ್ನೆ ಬಂತು.

"ಎಲ್ಲಿದ್ದೀ?"

"ಹರಿಹರ ಬಸ್ ಸ್ಟ್ಯಾಂಡಿನಾಗೆ."

"ಅಲ್ಲೇ ಇರು. ಬಂದೆ."

ಅಷ್ಟರಲ್ಲಿ ಭಾನುವಳ್ಳಿಯ ಬಸ್ ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಅಂಜನ್ ಏಳಲಿಲ್ಲ. ಬಸ್ ಹೊರಟುಹೋಯಿತು.

"ಹೋಗ್ಬೇಕಿತ್ತು ನೀವು! ಅಪ್ಪಾಜಿ ಸಿಟ್ಟು ನಿಮಗೆ ಗೊತ್ತಿಲ್ಲ..."

"ನನ್ನ ಕಾಲೂ ನಡುಗ್ತಾವೆ, ರಶ್ಮಿತಾ." ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಮೊದಲ ಸಲ ಅವನ ಮಾತಿನಲ್ಲಿ 'ರೀ' ಇರಲಿಲ್ಲ.

"ಬಾ, ಕೂಡು. ಇಬ್ರೂ ಸೇರಿ ಹೆದರಾಣ."