ಹೋಗಿ ಬರುವಷ್ಟು ದೂರ

"ರೀ... ಬಾಗಿಲು ತೆಗೀರಿ! ಕೇಳಿಸ್ತಿದ್ಯಾ? ತೆಗೀರಿ ಅಂದೆ!"

ಎರಡೂ ಕೈಯಿಂದ ಕಾರಿನ ಗಾಜು ಬಡಿಯುತ್ತಿದ್ದಳು ಅವಳು. ಮಟಮಟ ಮಧ್ಯಾಹ್ನ. ಹಳೇ ಎಲೆಕ್ಟ್ರಿಕ್ ಕಾರುಗಳನ್ನು ಕೊಂಡು ಮಾರುವ ಆ ಅಂಗಡಿಯ ಅಂಗಳದಲ್ಲಿ ನೆರಳು ಅನ್ನುವುದೇ ಇರಲಿಲ್ಲ. ನಾಲ್ಕೂ ಗಾಜು ಏರಿಸಿದ್ದ ಬಿಳಿ ಕಾರಿನೊಳಗೆ ಒಬ್ಬ ಕಣ್ಣು ಮುಚ್ಚಿ, ಬೆವರಿನಲ್ಲಿ ತೊಯ್ದು, ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದ.

'ಅಯ್ಯೋ... ಹೋಗೇಬಿಟ್ನಾ?'

ಹೋಗಿರಲಿಲ್ಲ. ಕಣ್ಣು ಬಿಟ್ಟ, ಗಾಬರಿಯಿಂದ ಬಾಗಿಲು ತೆಗೆದು ಇಳಿದ.

"ಏನಾಯ್ತು ಮೇಡಂ? ಎಲ್ಲಾದ್ರೂ ಬೆಂಕಿ ಬಿತ್ತಾ?"

"ನಿಮಗೇನಾಯ್ತು ಅಂತ ನಾನು ಕೇಳ್ಬೇಕು! ಈ ಬಿಸಿಲಲ್ಲಿ ಏಸಿ ಇಲ್ದೆ, ಗಾಜು ಏರಿಸ್ಕೊಂಡು... ನಿದ್ದೆ ಮಾಡೋಕೆ ಬೇರೆ ಜಾಗ ಸಿಗ್ಲಿಲ್ವಾ?"

"ಏಸಿ ಹಾಕಿದ್ರೆ ಚಾರ್ಜ್ ಹೋಗತ್ತೆ," ಅಂದ ಅವನು ಬಹಳ ಮರ್ಯಾದೆಯಿಂದ. "ಗಾಜು ಇಳಿಸಿದ್ರೆ ಧೂಳು ಬರತ್ತೆ."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡಬೇಕು ಅಂತ ತಿಳಿಯದೆ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವನ ಕೈಗಿಟ್ಟಳು. ಅವನು ಗಟಗಟ ಕುಡಿದ. ಅವನ ಕಣ್ಣುಗಳು ಕೆಂಪಾಗಿದ್ದವು, ಆದರೆ ಎಷ್ಟು ಶಾಂತವಾಗಿದ್ದವು! ಅವಳು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದಳು ಅನ್ನುವುದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂಗಡಿ ಅವಳ ಸೋದರಮಾವನದು. ಮಾತು ಮಾವನ ಪಾಲು, ಪರೀಕ್ಷೆ ಅವಳ ಪಾಲು. ಹಳೇ ಎಲೆಕ್ಟ್ರಿಕ್ ಕಾರಿನ ಬೆಲೆ ನಿಲ್ಲುವುದು ಬಣ್ಣದ ಮೇಲಲ್ಲ, ಬ್ಯಾಟರಿಯಲ್ಲಿ ಹೊಸದರ ಶಕ್ತಿಯ ಎಷ್ಟು ಪಾಲು ಉಳಿದಿದೆ ಅನ್ನುವುದರ ಮೇಲೆ. ಆ ಪರ್ಸೆಂಟ್ ಹೇಳುವವಳು ಇವಳು. ಹಾಗಾಗಿ ಗಿರಾಕಿಗಳೆಲ್ಲ ಕರೆಯುವುದು ಶೇಕಡಾ ಮೇಡಂ ಅಂತ.

ಗಾಡಿಗೆ ಚುಚ್ಚಿ ಬ್ಯಾಟರಿ ಅಳೆಯುವ ಮೆಷಿನ್ ಒಂದಿತ್ತು, ಆದರೆ ಅದು ತೋರಿಸುವ ಸಂಖ್ಯೆಯನ್ನು ಅವಳು ನಂಬುತ್ತಿರಲಿಲ್ಲ. ಪೂರ್ತಿ ಚಾರ್ಜ್ ಮಾಡಿ, ಏಸಿ ಹಾಕಿ, ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೀಟರು ತಳ ಮುಟ್ಟುವ ತನಕ ನಿಜವಾದ ರಸ್ತೆಯಲ್ಲಿ ಓಡಿಸುವುದು ಅವಳ ಪದ್ಧತಿ. ಅರ್ಧ ದಿನದ ಕೆಲಸ. "ಶೇಕಡಾ ಮೇಡಂ ಜೊತೆ ವನವಾಸ" ಅಂತ ಗಿರಾಕಿಗಳು ಗೊಣಗುತ್ತಿದ್ದರು. ಆದರೂ ದೂರದಿಂದ ಹುಡುಕಿಕೊಂಡು ಬರುತ್ತಿದ್ದರು.

ಬೆವರಿನವನು ಈಜು ಮೇಷ್ಟ್ರು. ಮಕ್ಕಳಿಗೆ, ದೊಡ್ಡವರಿಗೆ ಈಜು ಕಲಿಸುವವನು. ಅಕ್ಕನ ಮನೆಯ ಮಹಡಿಯಲ್ಲಿ ವಾಸ.

"ಬೆಟ್ಟದ ಮೇಲಿನ ಊರಲ್ಲಿ ಹೊಸಾ ಈಜುಕೊಳ ಕಟ್ಟಿದಾರೆ. ನನ್ನನ್ನೇ ಮುಖ್ಯ ತರಬೇತುದಾರ ಅಂತ ಕರೆದಿದಾರೆ," ಅಂದ. "ಹೋಗ್ತಾ ತೊಂಬತ್ತು ಕಿಲೋಮೀಟರ್, ಬರ್ತಾ ತೊಂಬತ್ತು. ಅಲ್ಲಿ ಚಾರ್ಜ್ ಮಾಡೋಕೆ ಎಲ್ಲೂ ಅನುಕೂಲ ಇಲ್ಲ. ನನ್ನ ಗಾಡಿ ದಿನಾ ಹೋಗಿ ಬರತ್ತಾ? ಬರತ್ತೆ ಅಂದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ಗಾಡಿ ಮಾರಿ, ಅಲ್ಲೇ ರೂಮ್ ಮಾಡ್ಕೊಂಡು ಹೋಗ್ಬಿಡ್ತೀನಿ."

ಮೆಷಿನ್ ಚುಚ್ಚಿ ನೋಡಿದಳು. ಎಪ್ಪತ್ತನಾಲ್ಕು.

"ಹೇಗೆ ಚಾರ್ಜ್ ಮಾಡ್ತೀರಿ?"

"ಮೂವತ್ತಕ್ಕಿಂತ ಕೆಳಗೆ ಇಳಿಯೋಕೆ ಬಿಟ್ಟಿಲ್ಲ. ಎಂಬತ್ತು ದಾಟೋಕೂ ಬಿಟ್ಟಿಲ್ಲ. ಕೊಂಡ ದಿನದಿಂದ!" ಹೆಮ್ಮೆಯಿಂದ ಹೇಳಿದ.

"ಊರವರನ್ನೆಲ್ಲ ಆಳದ ನೀರಿಗೆ ಇಳಿಸೋರು ನೀವು, ಗಾಡೀನ ಮಾತ್ರ ಮೊಣಕಾಲುದ್ದ ನೀರಲ್ಲೇ ಇಟ್ಟಿದೀರಲ್ಲ!"

ಅವನು ಜೋರಾಗಿ ನಕ್ಕ. ಭಾನುವಾರ ಓಡಿಸಿ ನೋಡುವುದು ಅಂತಾಯಿತು.

ಭಾನುವಾರಕ್ಕೆ ಇನ್ನೂ ದಿನಗಳಿದ್ದವು. ಆದರೆ ಮೇಷ್ಟ್ರಿಗೆ ದಿನಾ ಒಂದು ನೆಪ ಸಿಗುತ್ತಿತ್ತು. ಒಂದು ದಿನ ಟೈರಿಗೆ ಗಾಳಿ. ಇನ್ನೊಂದು ದಿನ ವೈಪರ್ ಸದ್ದು. ಮತ್ತೊಂದು ದಿನ ನೆಪವೂ ಇಲ್ಲ, ಸುಮ್ಮನೆ ಬಂದು ಹೊಸ್ತಿಲ ಮೇಲೆ ಕೂತು, ಅರವತ್ತರ ಅಜ್ಜಿಯೊಬ್ಬರು ಮೊದಲ ಸಲ ನೀರಿನ ಮೇಲೆ ತೇಲಿ ಕಿರುಚಿಕೊಂಡ ಕಥೆ ಹೇಳಿ ಹೋದ.

"ಪುಟ್ಟೀ," ಮಾವ ಕನ್ನಡಕದ ಮೇಲಿಂದ ನೋಡಿದ. "ಮಳೆಯೇ ಇಲ್ಲ, ವೈಪರ್ ಸದ್ದು ಮಾಡತ್ತೆ ಅಂತ ಬಂದಿದ್ದಾನೆ. ನಿನಗೇನನ್ಸತ್ತೆ?"

"ಮಾವಾ... ಸುಮ್ನಿರು."

ಅವಳು ನಗುತ್ತಿದ್ದಳು, ಆದರೆ ಒಳಗೆ ಅಳುಕು. ಹಿಂದೊಮ್ಮೆ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗ ಕೆಲಸ ಸಿಕ್ಕಿತೆಂದು ಬೇರೆ ಊರಿಗೆ ಹೋದ. ಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅವನ ಅಮ್ಮನಿಂದ ಒಂದೇ ಒಂದು ಫೋನು... "ಇಷ್ಟಕ್ಕೇ ಬಿಟ್ಬಿಡೋಣಮ್ಮ." ಅವತ್ತಿನಿಂದ ಅವಳು ಯಾರ ವಿಷಯದಲ್ಲೂ ಪೂರ್ತಿ ಸಂತೋಷಪಟ್ಟಿರಲಿಲ್ಲ. ಪೂರ್ತಿ ಅತ್ತೂ ಇರಲಿಲ್ಲ.

'ಇವನೂ ಹೋಗೋನೇ ಇರ್ಬೋದು... ಅರ್ಧ ದಿನ ಪಕ್ಕದಲ್ಲಿ ಕೂತ್ರೆ ನನ್ನ ಗತಿ ಏನು? ಮನಸಲ್ಲಿರೋದೆಲ್ಲ ಬಾಯಿಗೆ ಬಂದ್ಬಿಟ್ರೆ?'

ಭಾನುವಾರ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಾರಿಗೆಂದು ಎರಡು ಬಾಟಲಿ ನೀರು, ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಮೇಷ್ಟ್ರು ಹಾಜರು!

ಆ ಕಿತ್ತಳೆ ಚೀಲ ನೋಡಿದ್ದೇ ಅವಳ ಅಳುಕು ಹೆಚ್ಚಿತು. ಇಷ್ಟು ವರ್ಷದಲ್ಲಿ ಮಾಡದ್ದನ್ನು ಅವತ್ತು ಮಾಡಿದಳು. ಗಾಡಿಯನ್ನು ರಸ್ತೆಗಿಳಿಸಲಿಲ್ಲ. ಮೆಷಿನ್ ಚುಚ್ಚಿದಳು, ಸಂಖ್ಯೆ ನೋಡಿದಳು, ಕಾಗದಕ್ಕೆ ಸಹಿ ಹಾಕಿದಳು.

"ಎಪ್ಪತ್ತನಾಲ್ಕೇ. ನೂರಾ ಎಪ್ಪತ್ತು ಕಿಲೋಮೀಟರ್ ಬರತ್ತೆ, ಅಷ್ಟೇ. ನಿಮಗೆ ಸಾಲಲ್ಲ."

ಅವನು ಚೀಲ ಹಿಡಿದುಕೊಂಡೇ ನಿಂತಿದ್ದ. "ಓಡಿಸಿ ನೋಡಲ್ವಾ?"

"ಅಗತ್ಯ ಇಲ್ಲ."

"ಎಲ್ಲರ ಗಾಡೀನೂ ಓಡಿಸ್ತೀರಂತೆ..."

"ಅಗತ್ಯ ಇಲ್ಲ ಅಂದ್ನಲ್ಲ!"

ಅವನ ಮುಖ ಸಪ್ಪಗಾಯಿತು. 'ನಾನು ಊರು ಬಿಟ್ಟು ಹೋದ್ರೆ ಸಾಕು ಅನ್ಸಿದೆ ಇವರಿಗೆ. ದಿನಾ ಬಂದು ತಲೆ ತಿಂದೆ, ನನ್ನದೇ ತಪ್ಪು...' ಅಂದುಕೊಂಡ. ಮಾವ ಎಪ್ಪತ್ತನಾಲ್ಕರ ಲೆಕ್ಕಕ್ಕೆ ಒಂದು ಬೆಲೆ ಹೇಳಿದ. ಮೇಷ್ಟ್ರು ಚೌಕಾಸಿಯನ್ನೂ ಮಾಡಲಿಲ್ಲ. ಕೀಲಿ ಮೇಜಿನ ಮೇಲಿಟ್ಟು, "ನಾಳೆ ಬಂದು ಸಹಿ ಮಾಡ್ತೀನಿ," ಅಂತ ಬಸ್ ಸ್ಟಾಪಿನ ಕಡೆ ನಡೆದ. ಕಿತ್ತಳೆ ಚೀಲ ಅಲ್ಲೇ ಉಳಿಯಿತು.

'ಚೌಕಾಸಿ ಕೂಡ ಮಾಡ್ಲಿಲ್ಲ! ಹೋಗೋಕೆ ಇಷ್ಟು ಆತುರವಾ?' ಅಂದುಕೊಂಡಳು ಅವಳು.

ನೋಡಿ, ಇಬ್ಬರೂ ಇನ್ನೊಬ್ಬರ ಮನಸ್ಸನ್ನು ತಾವೇ ಓದಿ ಮುಗಿಸಿದ್ದರು. ಬಾಯಿ ಬಿಟ್ಟು ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಸಂಜೆ ಅಂಗಡಿ ಮುಚ್ಚುವಾಗ ಅವನ ಕಾರನ್ನು ನಿಧಾನ ಚಾರ್ಜಿಗೆ ಹಾಕಿ ಹೋದಳು. ಬೆಳಿಗ್ಗೆ ಬಂದು ನೋಡಿದರೆ ಮೀಟರು ನೂರು ತೋರಿಸುತ್ತಿದೆ. ಆದರೆ ಚಾರ್ಜರ್ ನಿಂತಿಲ್ಲ! ತುಂಬಿದೆ ಅಂತ ಮೀಟರು ಹೇಳಿದ ಮೇಲೂ ಗಾಡಿ ಕರೆಂಟು ಕುಡಿಯುತ್ತಲೇ ಇದೆ.

ಅವಳು ಹಿಂದಿನ ದಿನ ಸಹಿ ಹಾಕಿದ ಕಾಗದ ತೆಗೆದು ನೋಡಿದಳು.

ಮೂವತ್ತು, ಎಂಬತ್ತು. ಎಂದೂ ಖಾಲಿಯಾಗದ, ಎಂದೂ ತುಂಬದ ಬ್ಯಾಟರಿ. ತಳ ಎಲ್ಲಿ, ತುದಿ ಎಲ್ಲಿ ಅನ್ನುವುದನ್ನೇ ಮೀಟರು ಮರೆತುಬಿಟ್ಟಿತ್ತು. ಅದಕ್ಕೇ ಮೆಷಿನ್ ಇರುವುದಕ್ಕಿಂತ ಕಮ್ಮಿ ತೋರಿಸಿತ್ತು. ಇಂಥ ಗಾಡಿಗಳಿಗಾಗಿಯೇ ಅಲ್ಲವೇ ಅವಳು ಓಡಿಸಿ ನೋಡುವ ಪದ್ಧತಿ ಇಟ್ಟುಕೊಂಡಿದ್ದು? ಅವನು ಬಾಯಿಬಿಟ್ಟು ಹೇಳಿದ್ದ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಹೆದರಿಕೆಗೆ ಅವನನ್ನು ಊರು ಬಿಡಿಸಲು ಹೊರಟಿದ್ದಳು...

ಮೇಷ್ಟ್ರು ಬಂದಾಗ ಮಾವ ಪೆನ್ನಿನ ಮುಚ್ಚಳ ತೆಗೆದಿದ್ದ.

"ಸಹಿ ಮಾಡ್ಬೇಡಿ!" ಅವಳು ಕಾಗದದ ಮೇಲೆ ಕೈ ಇಟ್ಟಳು. "ನಾನು ಕೊಟ್ಟ ನಂಬರ್ ಸುಳ್ಳು. ಓಡಿಸದೇ ಬರೆದೆ. ತಪ್ಪು ನನ್ನದು."

ಮಾವ ಪೆನ್ನು ಕೆಳಗಿಟ್ಟ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ಯಲ್ಲೇ! ಈ ಗಾಡಿಗೆ ಗಿರಾಕಿ ಕೂಡ ಸಿಕ್ಕಿದ್ದ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ಹೇಳ್ಕೊಟ್ಟಿದ್ದು ಯಾರು ಮಾವ?"

"ನಾನೇ ಕಣಮ್ಮ, ನಾನೇ. ಹೇಳ್ಕೊಟ್ಟಿದ್ದೇ ತಪ್ಪಾಯ್ತು." ಮಾವ ಕೀಲಿ ಎತ್ತಿ ಅವಳತ್ತ ಎಸೆದ. "ಹೋಗಿ ಬನ್ನಿ. ದಾರಿಯಲ್ಲಿ ನಿಂತ್ರೆ ಫೋನ್ ಮಾಡಿ, ಎಳ್ಕೊಂಡು ಬರೋ ಗಾಡಿ ಕಳಿಸ್ತೀನಿ."

ಅವಳು ಕೀಲಿಯನ್ನು ಮೇಷ್ಟ್ರ ಮುಂದೆ ಹಿಡಿದಳು. "ಇವತ್ತು ನೀವೇ ಓಡಿಸಿ. ನಿಮ್ಮ ಈಜುಕೊಳದ ತನಕ ಹೋಗಿ ಬರೋಣ. ಬರ್ತೀರಾ?"

ಅವನು ಅವಳ ಮುಖವನ್ನೇ ನೋಡಿದ. ಕೀಲಿ ತೆಗೆದುಕೊಂಡ.

ಹೋಗುವಾಗ ಬೆಟ್ಟದ ತಿರುವುಗಳಲ್ಲಿ ಮೀಟರು ಸರಸರ ಇಳಿಯಿತು. ಈಜುಕೊಳ ಇನ್ನೂ ಉದ್ಘಾಟನೆಯಾಗಿರಲಿಲ್ಲ, ಬೇಲಿಯ ಆಚೆ ನೀಲಿ ನೀರು ಅಲುಗಾಡದೆ ನಿಂತಿತ್ತು. ಇಬ್ಬರೂ ಬೇಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಚೆನ್ನಾಗಿದೆ," ಅಂದಳು.

"ಹೂಂ," ಅಂದ.

ವಾಪಸ್ ಬರುವಾಗ ಮೀಟರು ಮೂವತ್ತಕ್ಕೆ ಬಂತು. ಮೇಷ್ಟ್ರ ಕೈ ಸ್ಟೀರಿಂಗ್ ಮೇಲೆ ಬಿಗಿಯಾಯಿತು. ಇಪ್ಪತ್ತೊಂಬತ್ತು...

"ಇಳೀಲಿ ಬಿಡಿ. ಏನಾಗಲ್ಲ," ಅಂದಳು ಮೆಲ್ಲಗೆ.

"ಒಂದು ಮಾತು ಕೇಳ್ಲಾ?" ರಸ್ತೆಯಿಂದ ಕಣ್ಣು ತೆಗೆಯದೆ ಅವನು ಕೇಳಿದ. "ಇವತ್ತು ನಂಬರ್ ಸುಳ್ಳು ಅಂದಾಗ, ನಿಮ್ಮ ಮಾವನಿಗೆ ಕಮ್ಮಿ ಬೆಲೆಗೆ ಗಾಡಿ ಸಿಗ್ಲಿ ಅಂತ ಹಾಗೆ ಬರೆದ್ರೇನೋ ಅಂದ್ಕೊಂಡೆ. ಅದಾದ್ರೂ ಪರವಾಗಿರ್ಲಿಲ್ಲ. ಆದ್ರೆ ನಿನ್ನೆ, ನಾನು ಈ ಊರಲ್ಲಿ ಇರೋದು ನಿಮಗೆ ಬೇಡ ಅನ್ಕೊಂಡೆ. ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ. ಯಾಕೆ ಓಡಿಸ್ಲಿಲ್ಲ?"

ಮೀಟರು ಇಪ್ಪತ್ತರ ಕೆಳಗೆ ಹೋಯಿತು. ಹೇಳದೆ ಉಳಿಯಬಹುದಿತ್ತು. ಇಷ್ಟು ದಿನ ಹಾಗೇ ಉಳಿದದ್ದಲ್ಲವೇ?

"ಹೆದರಿಕೆ ಆಯ್ತು," ಅಂದಳು. "ನಿಮ್ಮ ಪಕ್ಕ ಅಷ್ಟು ಹೊತ್ತು ಕೂತ್ರೆ... ನನಗೆ ನೀವಂದ್ರೆ ಇಷ್ಟ ಅಂತ ಹೇಳ್ಬಿಡ್ತೀನಿ ಅಂತ. ಹೇಳಿದ ಮೇಲೆ ನೀವು ಹೋಗ್ಬಿಟ್ರೆ? ಹಿಂದೆ ಒಬ್ಬರು ಹಾಗೇ ಹೋದ್ರು. ಅದಕ್ಕೇ, ನೀವು ಹೋಗೋಕೆ ಮೊದಲೇ ನಾನೇ ಕಳಿಸ್ಬಿಟ್ರೆ ನೋವು ಕಮ್ಮಿ ಅನ್ಕೊಂಡೆ."

"ಕಮ್ಮಿ ಆಯ್ತಾ?"

"ಇಲ್ಲ..." ಕಣ್ಣು ತುಂಬಿತು. "ರಾತ್ರಿಯೆಲ್ಲ ಅತ್ತೆ."

ಅವನು ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಮೀಟರು ಐದು ತೋರಿಸುತ್ತಿತ್ತು. ಅಂಗಡಿ ಇನ್ನೂ ದೂರವಿತ್ತು.

"ನನ್ನ ಅಕ್ಕನ್ನ ಕೇಳಿ ನೋಡಿ," ಅಂದ. "ವೈಪರ್ ಸದ್ದು ಮಾಡ್ಲಿ ಅಂತ ನಾನೇ ಅದರ ರಬ್ಬರ್ ಕಿತ್ತಿದ್ದು. ಇಷ್ಟ ಇಲ್ದೆ ಇದ್ರೆ ಮನುಷ್ಯ ಸ್ವಂತ ಗಾಡಿ ಹಾಳು ಮಾಡ್ಕೊಳ್ತಾನಾ?"

ಅಳುತ್ತಲೇ ನಕ್ಕುಬಿಟ್ಟಳು. ಅವನು ಕೈ ಚಾಚಿ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಈಗ ಗಾಡಿ ಇಲ್ಲೇ ನಿಂತ್ರೆ?" ಅಂದ.

"ನಿಲ್ಲಲ್ಲ. ಓಡಿಸಿ."

ನಿಲ್ಲಲಿಲ್ಲ. ಮೀಟರು ಐದಕ್ಕೆ ಬಂದು ಕೂತದ್ದು ಅಲ್ಲೇ ಕೂತಿತು. ಕೆರೆ ದಾಟಿತು, ಪೆಟ್ರೋಲ್ ಬಂಕ್ ದಾಟಿತು, ಊರೂ ಬಂತು. ಐದು ಐದಾಗಿಯೇ ಇತ್ತು! ಅಂಗಡಿಯ ಗೇಟಿನಲ್ಲಿ ಕಾಯುತ್ತ ನಿಂತಿದ್ದ ಮಾವ ಇಬ್ಬರ ಮುಖವನ್ನೂ ನೋಡಿ ಕಾಫಿ ತರಲು ಒಳಗೆ ಹೋದ.

ಅವಳು ಊರೊಳಗಿನ ರಸ್ತೆಗಳಲ್ಲಿ ಇನ್ನೂ ನಾಲ್ಕು ಸುತ್ತು ಹಾಕಿಸಿ, ಗಾಡಿ ನಿಜಕ್ಕೂ ಸುಸ್ತಾದ ಮೇಲೆ ಮೆಷಿನ್ ಚುಚ್ಚಿದಳು. ಎಂಬತ್ತೆಂಟು. ಹಳೇ ಕಾಗದ ಹರಿದು ಹೊಸದು ಬರೆದಳು.

"ಇನ್ನೂರು ಕಿಲೋಮೀಟರ್ ಬರತ್ತೆ. ನೀವು ದಿನಾ ಹೋಗಿ ಬರ್ಬೋದು," ಅಂದಳು. ಆಮೇಲೆ ಕೆಲಸದ ಗಂಭೀರ ದನಿಯಲ್ಲೇ, "ಆದ್ರೆ ಈಗಲೇ ಹೇಳ್ಬಿಡ್ತೀನಿ, ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ ಆಗತ್ತೆ. ವರ್ಷ ವರ್ಷ ಇನ್ನಷ್ಟು ಇಳಿಯತ್ತೆ. ಮೂರು ವರ್ಷ ಆದ್ಮೇಲೆ ಇದು ಆ ದೂರಕ್ಕೆ ಸಾಲಲ್ಲ."

"ಮೂರು ವರ್ಷ ಆದ್ಮೇಲೆ ಏನ್ಮಾಡೋದು?"

"ಬೇರೆ ಗಾಡಿ ನೋಡೋಣ. ಸ್ವಲ್ಪ ದೊಡ್ಡದು. ನಮ್ಮಿಬ್ಬರಿಗೂ ಒಪ್ಪೋ ಬಣ್ಣದ್ದು..." ಅಷ್ಟು ಹೇಳಿದ ಮೇಲೆಯೇ ತಾನು ಹೇಳಿದ್ದೇನು ಅನ್ನುವುದು ಅವಳಿಗೆ ಹೊಳೆದದ್ದು. ಕೆನ್ನೆ ಕೆಂಪಾಯಿತು. ಆದರೆ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

"ನಮ್ಮಿಬ್ಬರಿಗೂ ಅಂದ್ರಾ?" ಅವನು ಮೆಲ್ಲಗೆ ಕೇಳಿದ.

"ಹೂಂ," ಅಂದಳು. "ನಮ್ಮಿಬ್ಬರಿಗೂ."