ಬಿಳಿ ಅಂಗಿಯ ಮೇಲೆ ಮಸಿ

“ಬಾ ಮಸಿ, ಬಾ! ಮೀನು ನೋಡು, ಮೀನು!”

ಗುಂಡಿ ಎಂಬ ಹುಡುಗಿ ಹೊಲಿಗೆ ಮಿಷನ್ನಿನ ಮುಂದೆ ಮಕಾಡೆ ಮಲಗಿ ತಟ್ಟೆಯನ್ನು ಅದರಡಿಗೆ ತಳ್ಳಿದಳು. ಮೂಲೆಯಲ್ಲಿ, ಬಟ್ಟೆಯ ಚೂರುಗಳ ರಾಶಿಯ ಹಿಂದೆ, ಎರಡು ಹಸಿರು ಕಣ್ಣು ಮಿನುಗಿದವು. ಅಷ್ಟೇ. ಕರಿ ಬೆಕ್ಕು ಮಿಸುಕಲಿಲ್ಲ.

ಗುಂಡಿಯ ಅಪ್ಪ ಟೈಲರ್. ಎರಡು ವರ್ಷದವಳಿದ್ದಾಗ ಅವಳು ಯಾರದೋ ಕೋಟಿನ ಗುಂಡಿ ನುಂಗಿದ್ದಳು. ಅಂದಿನಿಂದ ಆ ಹೆಸರೇ ಗಟ್ಟಿಯಾಯಿತು.

ಅಪ್ಪ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಹೇಳಿದರು: “ಮೂರು ದಿನ ಆಯ್ತು, ನೀರು ಬಿಟ್ರೆ ಏನೂ ಮುಟ್ಟಿಲ್ಲ. ನಿನ್ನ ಫ್ರೆಂಡ್‌ನ ಒಂದ್ಸಲ ಕರ್ಕೊಂಡ್ ಬಾರಮ್ಮ. ಸಾಕಿದವಳ ದನಿ ಕೇಳಿದ್ರೆ ತಿನ್ನುತ್ತೇನೋ.”

“ಅವಳ್ಯಾಕಪ್ಪ? ಈಗ ಇದು ನನ್ ಬೆಕ್ಕು!”

ಮಸಿಯನ್ನು ಸಾಕಿದ್ದವಳು ಗಿಣಿ, ಗುಂಡಿಯ ಪಕ್ಕದ ಬೆಂಚಿನವಳು. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ, ಅದಕ್ಕೇ ಆ ಹೆಸರು. ಅವಳ ಪುಟ್ಟ ತಮ್ಮನಿಗೆ ಉಬ್ಬಸ. ಬೆಕ್ಕಿನ ಕೂದಲು ಅವನಿಗೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರಿಂದ ಮಸಿ ಇಲ್ಲಿಗೆ ಬಂದಿತ್ತು.

ಶಾಲೆಯಲ್ಲಿ ಗಿಣಿಯದು ದಿನವೂ ಒಂದೇ ಪ್ರಶ್ನೆ. “ಮಸಿ ತಿಂತಾ? ಹೊರಗ್ ಬಂತಾ?”

“ಓ! ನನ್ ತೊಡೆ ಮೇಲೇ ಮಲಗುತ್ತೆ. ನಿನ್ನ ಮರ್ತೇಬಿಟ್ಟಿದೆ.”

ಗಿಣಿಯ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಗುಂಡಿಗೆ ಒಳಗೊಳಗೇ ಖುಷಿ.

ನಾಲ್ಕನೆಯ ದಿನ ಸಂಜೆ ಎಷ್ಟು ಕರೆದರೂ ಮಸಿ ಕಣ್ಣೇ ತೆರೆಯಲಿಲ್ಲ. ಗುಂಡಿ ದಡಬಡಿಸಿ ಎದ್ದಳು. ಚಪ್ಪಲಿಯನ್ನೂ ಮೆಟ್ಟದೆ ಎರಡು ಬೀದಿ ಓಡಿ, ಏದುಸಿರು ಬಿಡುತ್ತಾ ಗಿಣಿಯ ಮುಂದೆ ನಿಂತಳು.

“ಬಾರೇ… ಅದು ತಿಂತಾನೇ ಇಲ್ಲ. ನಾನ್ ಹೇಳಿದ್ದೆಲ್ಲ ಸುಳ್ಳು.”

ಗಿಣಿ ಬೈಯಲಿಲ್ಲ. ಯೂನಿಫಾರ್ಮಿನಲ್ಲೇ, ಗುಂಡಿಗಿಂತ ಮುಂದೆ ಓಡಿದಳು.

ಮಿಷನ್ನಿನ ಮುಂದೆ ಕೂತು, “ಮಸೀ… ಕಳ್ಳೀ…” ಎಂದಳು, ಅಷ್ಟೇ. ಚೂರುಗಳ ರಾಶಿ ಅಲುಗಿತು. ಮಸಿ ತೆವಳುತ್ತಾ ಬಂದು ಅವಳ ತೊಡೆ ಹತ್ತಿತು. ಅವಳ ಬೆರಳಿನಿಂದಲೇ ಮೀನು ತಿಂದಿತು. ತಿಂದು, ಹೆಗಲೇರಿ, ಬಿಳಿ ಅಂಗಿಗೆ ಮೈ ಉಜ್ಜುತ್ತಾ ಗೊರಗೊರ ಅನ್ನತೊಡಗಿತು.

ಗುಂಡಿ ಖಾಲಿ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡಳು. ಮೀನು ತಂದವಳು ನಾನು, ಮುಳ್ಳು ಬಿಡಿಸಿದವಳು ನಾನು!

“ಸಾಕು, ಹೊತ್ತಾಯ್ತು. ನಿಮ್ಮಮ್ಮ ಕಾಯ್ತಿರ್ತಾರೆ, ಹೊರಡು.”

ಗಿಣಿ ಮಸಿಯನ್ನು ಕೆಳಗಿಳಿಸಿದಳು. ಅದು ಕಾಲಿಗೆ ಸುತ್ತಿಕೊಂಡೇ ಬಾಗಿಲವರೆಗೂ ಬಂತು. ಗಿಣಿಯೇ ಅದನ್ನು ಒಳಗೆ ದೂಡಿ ಬಾಗಿಲೆಳೆದಳು.

ಹೋದಳೋ ಇಲ್ಲವೋ ಎಂದು ಗುಂಡಿ ಕಿಟಕಿಯಿಂದ ಇಣುಕಿದಳು.

ಗಿಣಿ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಅಂಗಿಯಿಂದ ಕಪ್ಪು ಕೂದಲನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ತೋಳಿನಿಂದ, ಜೇಬಿನಿಂದ, ಕಾಲರಿನಿಂದ. ತಮ್ಮನಿರುವ ಮನೆಗೆ ಒಂದನ್ನೂ ಒಯ್ಯುವಂತಿರಲಿಲ್ಲ. ಬೆನ್ನಿಗೆ ಮಾತ್ರ ಕೈ ಎಟುಕುತ್ತಿರಲಿಲ್ಲ. ಮೂಗು ಸೊರಸೊರ ಅನ್ನುತ್ತಿತ್ತು.

ಗುಂಡಿ ಬಾಗಿಲು ಸ್ವಲ್ಪವೇ ತೆರೆದು, ಮಸಿ ನುಸುಳದಂತೆ ಹೊರಗೆ ಬಂದಳು.

“ತಿರುಗು ಆ ಕಡೆ.”

ಅಪ್ಪ ಹೊಸ ಕೋಟಿನಿಂದ ನೂಲಿನ ಎಳೆ ತೆಗೆಯುವ ಹಾಗೆ, ನಿಧಾನವಾಗಿ, ಗಿಣಿಯ ಬೆನ್ನಿನ ಕೂದಲು ಹೆಕ್ಕತೊಡಗಿದಳು.

“ನನ್ನ ಮರ್ತೇಬಿಟ್ಟಿದೆ ಅಂದ್ಯಲ್ಲ,” ಎಂದಳು ಗಿಣಿ, ಗೋಡೆಯನ್ನೇ ನೋಡುತ್ತಾ. “ಅವತ್ತು ನಂಗೆ ಊಟಾನೇ ಸೇರ್ಲಿಲ್ಲ ಕಣೇ.”

ಗುಂಡಿ ಹೆಗಲ ಹಿಂದಿನ ಎಳೆಯೊಂದನ್ನು ಹೆಕ್ಕಿದಳು.

“ನನ್ ಹಳೇ ಫ್ರಾಕ್ ಒಂದಿದೆ,” ಎಂದಳು. “ತೆಗ್ದಿಟ್ಟಿರ್ತೀನಿ. ನಾಳೆ ಬಂದ ಕೂಡ್ಲೇ ಅದನ್ನ ಹಾಕ್ಕೋ. ಆಮೇಲೆ ಎಷ್ಟ್ ಹೊತ್ತಾದ್ರೂ ಎತ್ಕೋ.”

ಒಳಗೆ ಮಸಿ ಬಾಗಿಲು ಕೆರೆಯುತ್ತಿತ್ತು. ಯಾರಿಗಾಗಿ ಎಂದು ಗುಂಡಿಗೆ ಗೊತ್ತಿತ್ತು. ಅವಳು ಬಗ್ಗಿ, ಅಂಗಿಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಇನ್ನೊಂದು ಕೂದಲನ್ನು ತೆಗೆದಳು.