ಗೇಜು ಹೋಗದ ಸಂದು

ಪೆಟ್ಟಿಗೆ ಇರಲಿಲ್ಲ.

ಮಾರೇಶ ಮೋರಿಯ ಕೆಳಗೆ ಬಗ್ಗಿ ನೋಡಿದ. ಎದ್ದು ನಿಂತ. ಕಣ್ಣಿಗೆ ನಂಬಿಕೆ ಬಾರದೆ ಮತ್ತೆ ಬಗ್ಗಿದ. ಏಪ್ರಿಲ್ ತಿಂಗಳ ಮಧ್ಯಾಹ್ನ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಇದೇ ಜಾಲಿಮುಳ್ಳಿನ ಮರೆಗೆ ಅವನು ಕಬ್ಬಿಣದ ಪೆಟ್ಟಿಗೆಯನ್ನು ದೂಡಿ ಹೋಗಿದ್ದ. ಅದರೊಳಗೆ ಸಿನಿಮಾದ ಕೊನೆಯ ರೀಲುಗಳಿದ್ದವು.

ಸಾಹುಕಾರ ಗುರುಸಂಗಪ್ಪನವರಿಗೆ ಎರಡು ಟಾಕೀಸು, ಕೊಟ್ಟೂರಿನಲ್ಲೊಂದು, ಹಗರಿಬೊಮ್ಮನಹಳ್ಳಿಯಲ್ಲೊಂದು. ತರಿಸುವ ಪ್ರಿಂಟ್ ಮಾತ್ರ ಒಂದೇ. ಜಿಪುಣತನಕ್ಕೂ ಬುದ್ಧಿ ಬೇಕು ನೋಡಿ! ಕೊಟ್ಟೂರಿನಲ್ಲಿ ಆಟ ಮೊದಲು ಶುರು. ಅಲ್ಲಿ ಓಡಿ ಮುಗಿದ ಮೊದಲ ರೀಲುಗಳು ಬಸ್ಸಿನಲ್ಲಿ ಹೋಗುತ್ತವೆ, ಕೊನೆಯವನ್ನು ಮಾರೇಶ ಮೋಟರ್‌ಸೈಕಲ್ಲಿಗೆ ಬಿಗಿದು ಹಗರಿಬೊಮ್ಮನಹಳ್ಳಿಗೆ ಮುಟ್ಟಿಸಬೇಕು.

ಅವತ್ತು ಗಾಡಿ ನಡುದಾರಿಯಲ್ಲಿ ನಿಂತಿತು. ಎಷ್ಟು ಕಿಕ್ ಹೊಡೆದರೂ ಜಪ್ಪಯ್ಯ ಎನ್ನಲಿಲ್ಲ. ಪೆಟ್ಟಿಗೆಯೋ ಹೊತ್ತು ಓಡುವಂಥದ್ದಲ್ಲ. ಅದನ್ನು ಮೋರಿಗೆ ಸೇರಿಸಿ, ಟಾಕೀಸಿಗೆ ಫೋನ್ ಮಾಡಲು ಅವನು ಕೋಗಳಿಯ ಎಸ್‌ಟಿಡಿ ಬೂತಿಗೆ ಓಡಿದ್ದ.

ತಿರುಗಿ ಬಂದರೆ ಹೀಗೆ. ದಿಕ್ಕು ತೋಚದೆ ಗಾಡಿಗೆ ಒಂದು ಕಿಕ್ ಹೊಡೆದ. ಒಂದೇ ಏಟಿಗೆ ಶುರುವಾಯಿತು. ಅವನ ಗ್ರಹಚಾರ ಶುರುವಾದದ್ದೂ ಆಗಲೇ.

* * *

"ಇವ್ನಾ ಮಾರ್ಕಂಡಾನ್ರಿ ಮೇಡಂ," ಗುರುಸಂಗಪ್ಪನವರು ಠಾಣೆಯ ಮೇಜು ಗುದ್ದಿದರು. "ಕ್ಲೈಮ್ಯಾಕ್ಸ್ ಇಲ್ಲಂತ ಜನ ನನ್ ಬೆಂಚೆಲ್ಲ ಮುರುದು ಹೋಗ್ಯಾರ. ಕೇಸು ಬರ್ಕಳ್ರಿ."

ಕೊಟ್ಟೂರು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಶಾಂತಕುಮಾರಿ ಪೆನ್ನು ಮುಟ್ಟಲಿಲ್ಲ. ದೂರು ಕೇಳುವಾಗ ಮಾತಿಗಿಂತ ಮೋರೆಗಳನ್ನು ನೋಡುವುದು ಅವಳ ಅಭ್ಯಾಸ.

"ಯಾರಿಗೆ ಮಾರ್ಯಾನ್ರಿ ಸಾವ್ಕಾರ್ರೆ? ತಲಿ ಇಲ್ದ ಬಾಲ ತಗಂಡು ಯಾರು ಏನ್ ಮಾಡ್ತಾರ?"

"ಅದು ನನಗೇನು ಗೊತ್ರಿ? ಗಾಡಿ ಕೆಟ್ಟಿತ್ತು, ಬರಾಗ್ಲೂ ಒಮ್ಮಿ ನಿಂತಿತ್ತು ಅಂತಾನ. ಅದಾ ಗಾಡಿ ಹತ್ತಿ ಇಲ್ಲಿಗೆ ಬಂದಾನ!"

ಹೆಡ್ ಕಾನ್‌ಸ್ಟೇಬಲ್ ಹುಲುಗಣ್ಣ ಅಂಗಳಕ್ಕಿಳಿದು ಕಿಕ್ ಹೊಡೆದ. ಗಾಡಿ ಸದ್ದಿಲ್ಲದೆ, ಮೃದುವಾಗಿ ಶುರುವಾಯಿತು.

"ಕುದುರಿ ಹಂಗೈತ್ರಿ ಮೇಡಂ. ಹುಡುಗ ಬೂಸಿ ಬಿಡಾಕತ್ಯಾನ."

ಮಾರೇಶ ಮುಂದೆ ಬಂದು ಕೈ ಮುಗಿದ. "ಸರ್ಕಾರಿ ಬಸ್ಸಿನ ಡ್ರೈವರ್ ಕೆಲ್ಸಕ್ಕ ಆಯ್ಕೆ ಆಗೀನ್ರಿ. ನನ್ ನಡತಿ ಬಗ್ಗೆ ನಿಮ್ಮ ವರದಿ ಒಂದು ಹೋಗಾದೈತಿ. ಈಗ ಕೇಸಾದ್ರ ನನ್ ಕತಿ ಮುಗೀತ್ರಿ."

ಆ ವರದಿಯ ಹಾಳೆ ಶಾಂತಕುಮಾರಿಯ ಮೇಜಿನ ಮೇಲೆಯೇ ಇತ್ತು. ಇನ್ನೂ ಸಹಿ ಬಿದ್ದಿರಲಿಲ್ಲ.

ಮಾರೇಶನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದವನು ಓಬಳೇಶ, ಟಾಕೀಸಿನ ಪ್ರಚಾರದ ಜೀಪು ಓಡಿಸುವವನು. ಮಾರೇಶನಿಗಿಂತ ಹತ್ತು ವರ್ಷ ದೊಡ್ಡವನು. "ನಾ ಕೂಡ್ಲಿಗಿ ಕಡಿ ಮೈಕ್ ಹಾಕ್ಕಂಡು ಹೋಗಿದ್ನ್ರಿ. ಇಲ್ದಿದ್ರ ನಾನಾ ಓಡಿ ಬರ್ತಿದ್ನಿ. ಇವ ಅಂಥವ ಅಲ್ರಿ. ಇವ್ನಿಗೆ ಸ್ಟೇರಿಂಗ್ ಹಿಡಿಯಾಕ ಕಲ್ಸಿದವ ನಾನು. ಡ್ರೈವರ್ ಟೆಸ್ಟಿಗೆ ಇಬ್ರೂ ಕೂಡೇ ಹೋಗಿದ್ವಿ."

"ನಿಂದೇನಾತು?"

"ವೇಟಿಂಗ್ ಲಿಸ್ಟಿನ್ಯಾಗ ಅದೀನ್ರಿ," ಎಂದು ಓಬಳೇಶ ನಕ್ಕ.

ಶಾಂತಕುಮಾರಿ ಎದ್ದಳು. "ಕೇಸಿನ ಮಾತು ಆಮ್ಯಾಲೆ. ಗಾಡಿ ಇಲ್ಲೇ ಇರ್ಲಿ."

* * *

ಶಾಂತಕುಮಾರಿಯ ಅಪ್ಪ ಬಳ್ಳಾರಿಯ ಪೊಲೀಸ್ ವಾಹನ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದವರು. ಮಗಳು ಓದಿದ್ದು ಡಿಗ್ರಿ, ಆಡಿದ್ದು ಸ್ಪ್ಯಾನರ್‌ಗಳ ಜೊತೆ. ನಿಂತ ಗಾಡಿಯನ್ನು ಒಂದು ಕಿಕ್ ಹೊಡೆದು ನೋಡಿ ತೀರ್ಪು ಕೊಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಗಾಡಿ ನಿಂತದ್ದು ಓಡುವಾಗ. ಓಡಿಸಿಯೇ ನೋಡಬೇಕು.

ಅಂದು ಸಂಜೆ ಬಿಸಿಲಿರುವಾಗಲೇ ಅವಳು ಅದೇ ಗಾಡಿ ಹತ್ತಿ ಅದೇ ದಾರಿ ಹಿಡಿದಳು. ಹುಲುಗಣ್ಣ ಜೀಪಿನಲ್ಲಿ ಹಿಂದೆ ಬಂದ. ಊರು ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಎಳೆತ ಕಡಿಮೆಯಾಯಿತು. ಮುಂದೆ ಮೋರಿ ಕಣ್ಣಿಗೆ ಬೀಳುವಷ್ಟರಲ್ಲಿ ಇಂಜಿನ್ ಪೂರ್ತಿ ನಿಂತುಹೋಯಿತು.

ಅವಳು ಕಿಕ್ ಹೊಡೆದಳು. ಕಾಲಿಗೆ ಎದುರೊತ್ತೇ ಸಿಗಲಿಲ್ಲ. ಕಿಕ್ಕರ್ ಸಲೀಸಾಗಿ ಕೆಳಗಿಳಿಯಿತು.

"ಪೆಟ್ರೋಲ್ ಖಾಲಿ ಏನ್ರಿ?"

"ಪೆಟ್ರೋಲ್ ಅಲ್ಲ, ಕಂಪ್ರೆಷನ್ ಹೋಗೈತಿ, ಇಂಜಿನ್ ಒಳಗಿನ ಒತ್ತಡ. ಕುಂದ್ರು, ಒಂದಿಷ್ಟು ಹೊತ್ತು ಕಾಯನ."

ಹುಣಸೆಮರದ ನೆರಳಲ್ಲಿ ಕುಳಿತರು. ಇಂಜಿನ್ ಆರಿತು. ಮತ್ತೆ ಒತ್ತಿದಾಗ ಕಿಕ್ಕರ್ ಗಟ್ಟಿಯಾಗಿತ್ತು. ಒಂದೇ ಏಟಿಗೆ ಗಾಡಿ ಶುರು.

ಹುಲುಗಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. ಶಾಂತಕುಮಾರಿ ನಕ್ಕಳು. "ಬೂಸಿ ಬಿಟ್ಟಿದ್ದು ಮಾರೇಶ ಅಲ್ಲ ಹುಲುಗಣ್ಣ. ಈ ಗಾಡಿ."

* * *

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಅವಳು ಯೂನಿಫಾರ್ಮಿನ ತೋಳು ಮಡಚಿ ಗಾಡಿಯ ಮುಂದೆ ಕುಳಿತಳು. ಗಾಡಿಯ ಸರ್ವಿಸ್ ಮಾಡುತ್ತಿದ್ದ ಪಾಲಾಕ್ಷಪ್ಪನನ್ನೂ ಕರೆಸಿದ್ದಳು. ಅವನು ಬೆವರುತ್ತ ನಿಂತಿದ್ದ.

ಪ್ಲಗ್ ಬಿಚ್ಚಿದಳು. ವಾಲ್ವುಗಳನ್ನು ಒತ್ತುವ ಟ್ಯಾಪೆಟ್‌ನ ಎರಡೂ ಮುಚ್ಚಳ ತೆಗೆದಳು. ಇಂಜಿನ್ ಪಕ್ಕದ ಮ್ಯಾಗ್ನೆಟ್ ಚಕ್ರ ತಿರುಗಿಸಿ, ಪಿಸ್ಟನ್ ಮೇಲಕ್ಕೆ ಬಂದು ವಾಲ್ವ್ ಎರಡೂ ಮುಚ್ಚುವ ಗುರುತಿಗೆ ನಿಲ್ಲಿಸಿದಳು. ಆಮೇಲೆ ಅಪ್ಪನ ಫೀಲರ್ ಗೇಜು ಹೊರಬಂತು. ಮಡಚುವ ಚಾಕುವಿನ ಹಾಗೆ ಒಂದೇ ಹಿಡಿಗೆ ಹಲವು ಉಕ್ಕಿನ ಎಲೆಗಳು, ಒಂದಕ್ಕಿಂತ ಒಂದು ತೆಳು. ಸರಿಯಾದ ಎಲೆಯನ್ನು ಗಾಳಿ ಒಳಬಿಡುವ ಇನ್ಲೆಟ್ ವಾಲ್ವಿನ ತಲೆಗೂ ಮೇಲಿನ ಸ್ಕ್ರೂಗೂ ನಡುವೆ ತೂರಿಸಿದಳು. ಎರಡು ಬೆರಳ ನಡುವಿನ ಕಾಗದ ಎಳೆದಂತೆ, ತುಸು ಬಿಗಿಯಾಗಿ ಜಾರಿತು.

"ಇದು ಪಕ್ಕಾ. ಇನ್ನೊಂದು ನೋಡನ."

ಹೊಗೆ ಹೊರಬಿಡುವ ಎಗ್ಸಾಸ್ಟ್ ಕಡೆ ಆ ಎಲೆ ಹೋಗಲಿಲ್ಲ. ಅದಕ್ಕಿಂತ ತೆಳುವಾದದ್ದೂ ಹೋಗಲಿಲ್ಲ. ಸಂದೇ ಇರಲಿಲ್ಲ.

"ಏನ್ರಿ ಹಂಗಂದ್ರ?" ಹುಲುಗಣ್ಣ ಕೇಳಿದ.

"ವಾಲ್ವ್ ಅಂದ್ರ ಬಾಗ್ಲು. ಕಾದ್ರ ಉದ್ದ ಆಗ್ತತಿ. ಅದ್ಕ ತಣ್ಣಗಿದ್ದಾಗ ಕೂದ್ಲೆಳಿ ಅಷ್ಟು ಸಂದು ಬಿಡಬೇಕು. ಬಿಡ್ಲಿಲ್ಲಂದ್ರ ಕಾದ ಮ್ಯಾಲೆ ಬಾಗ್ಲು ಪೂರ್ತಿ ಮುಚ್ಚಂಗಿಲ್ಲ, ಕಂಪ್ರೆಷನ್ ಸೋರ್ತತಿ, ಗಾಡಿ ನಿಲ್ತತಿ. ಆರಿದ್ರ ಮತ್ತ ಶುರು ಆಗ್ತತಿ."

ಹುಲುಗಣ್ಣ ಗಕ್ಕನೆ ಪಾಲಾಕ್ಷಪ್ಪನ ರಟ್ಟೆ ಹಿಡಿದ. "ಗಿರಾಕಿಗೆ ಟಕಟಕ ಸಪ್ಪಳ ಬ್ಯಾಡ ಅಂತ ಟೈಟ್ ಮಾಡಿ ಕೂಡ್ಸೀಯನು?"

"ಹಂಗಂತ ಕೇಳೋರು ಭಾಳ ಮಂದಿ ಅದಾರ್ರಿ, ನಾ ಮಾಡಂಗಿಲ್ರಿ. ಹೋದ ವಾರ ಎರಡೂ ಗೇಜು ಇಟ್ಟು ಕೂಡ್ಸೀನ್ರಿ."

"ಬಿಡು ಅವ್ನ," ಎಂದಳು ಶಾಂತಕುಮಾರಿ. "ಇವ ಟೈಟ್ ಮಾಡಿದ್ರ ಗಾಡಿ ಹೋದ ವಾರನಾ ನಿಲ್ತಿತ್ತು. ದಿನಾ ಇದಾ ಬಿಸಿಲಾಗ ಓಡೈತಿ. ಯಾರೋ ನಿನ್ನೆ ಬೆಳಿಗ್ಗೆ ಕೈ ಹಾಕ್ಯಾರ. ಒಂದಾ ವಾಲ್ವಿಗೆ ಹಾಕ್ಯಾರ, ಅದೂ ಜಾಸ್ತಿ ಕಾಯೋ ವಾಲ್ವಿಗೆ. ತಿಳಿದವ್ರು ಮಾಡಿದ ಕೆಲ್ಸ ಇದು."

ಮುಚ್ಚಳಗಳನ್ನು ಹಾಗೆಯೇ ಕೂಡಿಸಿದಳು. ಸಂದನ್ನು ಸರಿಮಾಡಲಿಲ್ಲ. ಹುಲುಗಣ್ಣನಿಗೆ ಅದು ಅರ್ಥವಾಗಲಿಲ್ಲ.

ಆ ಮಧ್ಯಾಹ್ನ ಅವಳು ಗುರುಸಂಗಪ್ಪ, ಪಾಲಾಕ್ಷಪ್ಪ, ಓಬಳೇಶ ಮೂವರನ್ನೂ ಬೇರೆಬೇರೆಯಾಗಿ ಕಂಡು ಮಾತಾಡಿಸಿದಳು. ಗಾಡಿಯನ್ನು ಊರ ಸುತ್ತ ಓಡಿಸಿ, ಇಂಜಿನ್ ಕೆಂಡದಂತೆ ಕಾದಿರುವಾಗಲೇ ಒಂದು ಕಡೆ ನಿಲ್ಲಿಸಿ ಊಟಕ್ಕೆ ಹೋದಳು. ತಿರುಗಿ ಬಂದು ಠಾಣೆಗೆ ತಳ್ಳಿಸಿಕೊಂಡು ಹೋಗಿ ರಾತ್ರಿಯಿಡೀ ಆರಲು ಬಿಟ್ಟಳು.

* * *

ಮರುದಿನ ಬೆಳಿಗ್ಗೆ ಮಾರೇಶನೂ ಸೇರಿ ಎಲ್ಲರೂ ಠಾಣೆಯ ಅಂಗಳದಲ್ಲಿ ಸೇರಿದ್ದರು. ಮೊದಲು ಚಹಾ ಬಂತು. ಗಾಜಿನ ಲೋಟ, ಹಬೆಯಾಡುವ ಚಹಾ. ಶಾಂತಕುಮಾರಿ ತಾನೇ ಹಂಚಿದಳು.

"ಓಬಳೇಶ, ಎಡಗೈಲಿ ಯಾಕ? ಬಲಗೈಗೇನಾತು?"

"ಏನಿಲ್ರಿ. ಬೀಡಿ ಸುಟ್ಟೈತಿ."

"ಹೆಬ್ಬೆರಳಿಗೂ ಎರಡು ಬೆರಳಿಗೂ ಒಂದಾ ಬೀಡಿ?"

ಅವಳು ಕುಳಿತು ಎಗ್ಸಾಸ್ಟ್ ಮುಚ್ಚಳ ತೆಗೆದು ಗೇಜು ಹಿಡಿದಳು. ನಿನ್ನೆ ತೆಳು ಎಲೆಯೂ ತೂರದ ಜಾಗದಲ್ಲಿ ಇವತ್ತು ಸರಿಯಾದ ಎಲೆ ಹೋಯಿತು. ಹೋದದ್ದಷ್ಟೇ ಅಲ್ಲ, ಅಲ್ಲಾಡಿತು. ಅದಕ್ಕಿಂತ ದಪ್ಪನೆಯದೂ ಹೋಯಿತು.

"ಸಾವ್ಕಾರ್ರೆ, ನಿಮಗೆ ಗಾಡಿ ಹೊಸಪೇಟಿಗೆ ಕಳ್ಸೀನಿ ಅಂದೆ. ಪಾಲಾಕ್ಷಪ್ಪಗ ಠಾಣ್ಯಾಗ ಬೀಗ ಹಾಕೀನಿ ಅಂದೆ. ಓಬಳೇಶಗ ಮಾತ್ರ ಖರೇ ಹೇಳಿದ್ನಿ, ಟಾಕೀಸಿನ ಶೆಡ್ಡಿನ್ಯಾಗ ನಿಲ್ಸೀನಂತ. ಅದ್ರ ಜೋಡಿ ಒಂದು ಸುಳ್ಳೂ ಹೇಳಿದ್ನಿ, ಊಟ ಆದ್ಕೂಡ್ಲೆ ಸರ್ಕಲ್ ಸಾಹೇಬ್ರ ಮುಂದ ಓಡಿಸಿ ನೋಡ್ತೀನಂತ."

ಓಬಳೇಶನ ಲೋಟ ಅರ್ಧಕ್ಕೇ ನಿಂತಿತು.

"ಸಾಹೇಬ್ರ ಮುಂದ ಗಾಡಿ ನಿಂತ್ರ ಮಾರೇಶ ಹೇಳಿದ್ದು ಖರೇ ಆಗ್ತತಿ. ಅದ್ಕ ಹೋಗಿ ಸಂದು ಬಿಟ್ಟಿ. ನೀನು ಬಲ್ಲವ, ಗೇಜು ಇಟ್ಟಾ ಕೂಡ್ಸಿರ್ತಿ. ಆದ್ರ ಟ್ಯಾಪೆಟ್ ಕೆಲ್ಸಕ್ಕ ಇಂಜಿನ್ ಪೂರ್ತಿ ತಣ್ಣಗಿರಬೇಕು. ಕಾದಾಗ ಇಟ್ಟ ಅಳತಿ ಆರಿದ ಮ್ಯಾಲೆ ಸುಳ್ಳಾಗ್ತತಿ. ಅದು ನಿನಗೂ ಗೊತ್ತು. ಕಾಯಾಕ ಟೈಮಿರ್ಲಿಲ್ಲ, ಅಷ್ಟಾ. ಅಳತಿನೂ ಕೆಡ್ತು, ಬೆರಳೂ ಸುಟ್ಟವು."

"ಜೀಪು ಕೂಡ್ಲಿಗಿ ಕಡಿ ಹೋಗಿತ್ತಲ್ರಿ?" ಎಂದರು ಗುರುಸಂಗಪ್ಪ.

"ಆ ಕಡಿ ಊರುಗಳಾಗ ಹುಲುಗಣ್ಣ ಕೇಳ್ಕಂಡು ಬಂದಾನ. ಅವತ್ತು ಯಾರೂ ಮೈಕ್ ಕೇಳಿಲ್ಲ. ಜೀಪು ಮಾರೇಶನ ಬೆನ್ನ ಹಿಂದ ಇತ್ತು. ಅವ ಫೋನಿಗೆ ಹೋದ, ಇವ ಪೆಟ್ಟಿಗಿ ಎತ್ತಿದ."

ಹುಲುಗಣ್ಣ ಹೊರಗೆ ನಿಂತಿದ್ದ ಪ್ರಚಾರದ ಜೀಪಿನಲ್ಲಿ ಬಟ್ಟೆಯ ಬ್ಯಾನರುಗಳ ರಾಶಿಯನ್ನು ಸರಿಸಿದ. ಪೆಟ್ಟಿಗೆ ಅಡಿಯಲ್ಲಿತ್ತು. ರೀಲುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಬಾಲ ತಗಂಡು ಯಾರು ಏನ್ ಮಾಡ್ತಾರ ಅಂತ ಮೊದ್ಲಾ ಕೇಳಿದ್ನಿ. ಯಾರಿಗೂ ಬೇಕಿದ್ದಿಲ್ಲ ಆ ರೀಲು. ಬೇಕಿದ್ದಿದ್ದು ಮಾರೇಶನ ಮ್ಯಾಲೆ ಒಂದು ಕೇಸು. ಅವ್ನ ಹೆಸ್ರು ಲಿಸ್ಟಿನಿಂದ ಬಿದ್ರ ಮುಂದಿನ ಹೆಸ್ರು ಓಬಳೇಶಂದು."

ಓಬಳೇಶ ಲೋಟವನ್ನು ಕಟ್ಟೆಯ ಮೇಲಿಟ್ಟ. ಅವನು ನೋಡಿದ್ದು ಶಾಂತಕುಮಾರಿಯನ್ನಲ್ಲ, ಮಾರೇಶನನ್ನು.

"ನನಗಿದಾ ಕೊನೀ ವರ್ಷಲೇ ಮಾರ್ಯಾ. ಮುಂದ ವಯಸ್ಸು ಮೀರ್ತತಿ. ನಿನಗಿನ್ನಾ ಹತ್ತು ವರ್ಷ ಐತಿ. ಕಲ್ಸಿದವ ನಾನು, ಹತ್ತಿ ಕುಂತವ ನೀನು. ತಡಕಳಾಕ ಆಗ್ಲಿಲ್ಲ."

ಮಾರೇಶ ಹೊಡೆಯುತ್ತಾನೆಂದು ಹುಲುಗಣ್ಣ ನಡುವೆ ಬಂದು ನಿಂತ. ಮಾರೇಶ ಕೈಯೆತ್ತಲಿಲ್ಲ. ಕಳ್ಳನೆನಿಸಿಕೊಂಡಾಗ ಆಗದಷ್ಟು ಸಂಕಟ ಅವನಿಗೆ ಈಗ ಆಗಿತ್ತು.

"ನನ್ನ ಒಂದು ಮಾತು ಕೇಳ್ಬೇಕಿತ್ತಣ್ಣ."

"ಕೇಳಿದ್ರ? ನೀ ಕೆಲ್ಸ ಬಿಟ್ಟು ಕೊಡ್ತಿದ್ದೇನು?"

ಶಾಂತಕುಮಾರಿ ವರದಿಯ ಹಾಳೆ ತೆಗೆದು, ಆರೋಪವೇನೂ ಇಲ್ಲವೆಂದು ಬರೆದು ಸಹಿ ಹಾಕಿದಳು. ಮಾರೇಶ ಆ ಕಡೆ ತಿರುಗಿಯೂ ನೋಡಲಿಲ್ಲ.

"ಗೊತ್ತಿಲ್ಲಣ್ಣ," ಎಂದ ಅವನು. "ಕೇಳಿದ್ರ ಇಬ್ರಿಗೂ ಗೊತ್ತಾಗ್ತಿತ್ತು."